ಅತ್ತೆ ಬಿಟ್ಟುಕೊಟ್ಟ ಜಾಗ

ಜೆಚಾನ್, ಜನವರಿ ೧೯

ಮುದ್ದು ಸೊಲ್ಬಿ,

ಫೋನಿನಲ್ಲಾದರೆ ನನಗೆ ಬಾಯಿ ತೆರೆಯಲೂ ಬಿಡುವುದಿಲ್ಲ ನೀನು, ಅದಕ್ಕೇ ಈ ಪತ್ರ. ಪೂರ್ತಿ ಓದದೆ ನಿನ್ನ ಹಡಗುಕಟ್ಟೆಯ ಕೆಲಸಕ್ಕೆ ರಜೆ ಕೇಳಬೇಡ.

ನಾಡಿದ್ದು ನನ್ನ ಬಲಗಾಲಿಗೆ ಇನ್ನೊಂದು ಆಪರೇಷನ್. ಚಪ್ಪಟೆ ಪಾದ ಸರಿಮಾಡಲು ಹಿಮ್ಮಡಿ ಮೂಳೆ ಕೊಯ್ದು ಪ್ಲೇಟು ಕೂರಿಸಿದ್ದರಲ್ಲ, ಅದರ ಮೇಲಿನ ಚರ್ಮ ಸುಟ್ಟು ಗಾಯ ಬಾಯಿ ಬಿಟ್ಟಿದೆ. ಸೋಂಕು ಒಳಗಿಳಿದಿದ್ದರೆ ಪ್ಲೇಟು ತೆಗೆಯಬೇಕಂತೆ. ಮೂಳೆ ಇನ್ನೂ ಕೂಡಿಲ್ಲ, ಪಾದ ಮತ್ತೆ ಕುಸಿಯಬಹುದು. ಆಮೇಲೆ ಶಾಲೆಯ ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವುದನ್ನು ಮರೆಯಬೇಕು. ನಾನು ಮರೆಯುವವಳಲ್ಲ.

ಸುಟ್ಟಿದ್ದು ಹೇಗೆ ಗೊತ್ತೇ? ಮದುವೆಯಾಗಿ ಬಂದ ದಿನ ನೆಲದ ಮೇಲೆ ನನ್ನ ಚಪ್ಪಟೆ ಒದ್ದೆ ಹೆಜ್ಜೆ ನೋಡಿ ನಿನ್ನ ಅಜ್ಜಿ, “ಸೊಸೆ ತಂದ್ವೋ ಬಾತುಕೋಳಿ ತಂದ್ವೋ?” ಎಂದಿದ್ದರು. ಮೂವತ್ತೊಂದು ವರ್ಷ ಅದೇ ಹೆಸರು. ಎರಡು ವಾರದ ಹಿಂದೆ ನಾನು ಕಟ್ಟು ಬಿಚ್ಚಿಸಿಕೊಂಡು ಬಂದಾಗ, ಅವರು ತಮ್ಮ ಹಾಸಿಗೆ ಸುತ್ತಿಕೊಂಡು ಎದ್ದರು. ಒಲೆಯ ಕಾವು ನೆಲದಡಿ ಹರಿದು ಮನೆ ಬೆಚ್ಚಗಾಗುವಾಗ ಮೊದಲು ಕಾಯುವ ಆ ಮೂಲೆ ಮನೆಯ ಹಿರಿಯರದು. ಜ್ವರ ಬಂದಾಗ ನಿನ್ನ ಅಪ್ಪನಿಗೂ ಅವರು ಅದನ್ನು ಬಿಟ್ಟುಕೊಟ್ಟಿರಲಿಲ್ಲ.

“ಬಾ, ಇಲ್ಲಿ ಬಿದ್ಕೋ. ಮೂಳೆಗೆ ಕಾವು ತಾಗ್ಲಿ. ಏನ್ ಹಾಗ್ ನೋಡ್ತೀ, ಎದ್ದಿದೀನಲ್ಲ!” ಎಂದು ಗದರಿ, ಒಲೆಗೆ ಇನ್ನೆರಡು ಸೌದೆ ತುರುಕಿದರು.

ಹಿಮ್ಮಡಿಯ ಹೊರಬದಿ ಇನ್ನೂ ಜೋಮು, ಹಾಗಾಗಿ ಸುಟ್ಟಿದ್ದು ಗೊತ್ತಾಗಲಿಲ್ಲ. ಎದ್ದಾಗ ಬೊಬ್ಬೆ ಬಂದಿತ್ತು. ನಾಲ್ಕು ದಿನ ಕಾಲುಚೀಲದಲ್ಲಿ ಮುಚ್ಚಿಟ್ಟೆ, ಕೀವಾಯಿತು. ಡಾಕ್ಟರು, “ಬಿಸಿ ಹತ್ರ ಕಾಲಿಡ್ಬೇಡಿ ಅಂತ ಬಾಯ್ಬಡ್ಕೊಂಡಿದ್ನಲ್ಲಮ್ಮಾ!” ಎಂದು ರೇಗಿದರು. ತಲೆ ತಗ್ಗಿಸಿ ಬೈಸಿಕೊಂಡೆ.

ಈಗ ಕಾಲು ಮೂರು ದಿಂಬಿನ ಮೇಲಿದೆ, ನೆಲಕ್ಕೆ ಊರುವುದಿಲ್ಲ. ದಿನಾ ಬೆಳಿಗ್ಗೆ ಕನ್ನಡಿ ಹಿಡಿದು ಹಿಮ್ಮಡಿ ನೋಡಿಕೊಳ್ಳುತ್ತೇನೆ, ಮಾತ್ರೆ ಒಂದನ್ನೂ ತಪ್ಪಿಸಿಲ್ಲ. ಪ್ಲೇಟು ಉಳಿದರೆ ಸರಿ. ತೆಗೆದರೆ, ಗಾಯ ಮಾಗಿದ ಮೇಲೆ ಮತ್ತೆ ಕೂರಿಸಿ ಎಂದು ಈಗಲೇ ಹೇಳಿಟ್ಟಿದ್ದೇನೆ. ಭಯವಿದೆ ಮಗಳೇ, ಆದರೆ ನಿಂತೇ ನಿಲ್ಲುತ್ತೇನೆ.

ನಿನ್ನ ಹಟಮಾರಿ ಅಮ್ಮ,
ಒಕ್‌ಹಿ

ಮರೆತ ಮಾತು: ಹೊಲಿಗೆ ತಾನಾಗಿಯೇ ಬಿಚ್ಚಿತು ಎಂದು ಅಜ್ಜಿಗೆ ಹೇಳಿದ್ದೇನೆ, ನೀನೂ ಹಾಗೇ ಹೇಳು. ಇನ್ನೊಂದು. ಬಲಗಾಲು ಜೋಮು ಹಿಡಿದಿತ್ತು, ನಿಜ. ಆದರೆ ಎಡಗಾಲು ಬಿಸಿಗೆ ಚುರುಗುಟ್ಟುತ್ತಿತ್ತು. ಎದ್ದರೆ ಅಜ್ಜಿ ಆ ಮೂಲೆಗೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಹಾಗೇ ಮಲಗಿದ್ದೆ.