ರೇಡಿಯೊ ಆರಿಸಿದ ಮೇಲೆ

ಫೆಬ್ರವರಿ ೯, ಸೋಮವಾರ. ಡುಲೂತ್.

ಆ ನೀಲಿ ಕಾರು ಬೇಡವೆಂದು ಬಂದದ್ದಕ್ಕೆ ಬೇಜಾರಾಗಬೇಕಿತ್ತು. ಆಗುತ್ತಲೇ ಇಲ್ಲ.

ಟೆಸ್ಟ್ ಡ್ರೈವಿಗೆ ಪಕ್ಕದಲ್ಲಿ ಕೂತ ಕಾರಿನಂಗಡಿಯ ಡ್ವೇನ್ ಜೋರಾಗಿ ರೇಡಿಯೊ ಹಾಕಿ, ಸರೋವರದಂಚಿನ ನುಣುಪು ರಸ್ತೆಯನ್ನೇ ತೋರಿಸುತ್ತಿದ್ದ. ನಾನು ರೇಡಿಯೊ ಆರಿಸಿ, ನಮ್ಮ ಮನೆಯ ಏರುರಸ್ತೆಗೇ ಕಾರು ತಿರುಗಿಸಿದೆ.

"ಅಲ್ಲೆಲ್ಲ ಐಸ್ ಇದೆ ಮೇಡಂ!"

"ನಮ್ಮನೇನೂ ಅಲ್ಲೇ ಇರೋದು ಕಣಪ್ಪಾ."

ಹಿಂದಿನ ಸೀಟಿನಲ್ಲಿ ಆರ್ವಲ್. ಪಾರ್ಶ್ವವಾಯು ಬಡಿದಾಗಿನಿಂದ ನನ್ನ ಗಂಡನ ಬಾಯಲ್ಲಿ ಹೂಂ, ಊಹೂಂ ಬಿಟ್ಟರೆ ಬೇರೆ ಮಾತಿಲ್ಲ. ಅರ್ಧ ಏರು ಹತ್ತಿದಾಗ ಅವನ ದನಿ, ತಡವರಿಸುತ್ತಾ, ಆದರೆ ಹಳೆಯ ಸಿಡುಕಿನಲ್ಲೇ:

"ಮಾರ್ಲಿಸ್, ಎಡಗಡೆ ಮುಂದಿನ ಚಕ್ರ ಗುರ್ ಅಂತಿದೆ. ಕೇಳಿಸ್ತಿಲ್ವಾ ನಿಂಗೆ?"

ನಿಜ ಹೇಳಬೇಕೆಂದರೆ, ಚಕ್ರ ನನಗೆ ಕೇಳಿಸಲೇ ಇಲ್ಲ.

ಈಗ ದೀಪ ಆರಿಸುವ ಮುಂಚೆ, "ನಾಳೆ ಇನ್ನೊಂದು ಕಾರು ಓಡಿಸಿ ನೋಡೋಣ್ವಾ?" ಅಂದೆ.

"ಎರಡು," ಅಂದ.