ರೇವವ್ವಾರ ದೀಪದ ಗೂಡು

ಇಂಡಿ, ಮಾರ್ಚ್ ೧೨

ಮಾಳಿಂಗಪ್ಪ ಕಾಕಾ ಅವರಿಗೆ ಪ್ರಿಯದರ್ಶಿನಿಯ ನಮಸ್ಕಾರ.

ಇದರ ಜೋಡಿ ಒಂದು ದೊಡ್ಡ ಫೋಟೊ ಕಳಿಸೇನಿ. ನಿಮ್ಮ ಅಕ್ಕ ರೇವವ್ವಾರಿಗೆ ಕೊಡ್ರಿ.

ಸಮುದ್ರದಾಗ ಮುಳುಗಿ ಫೋಟೊ ತಗ್ಯಾಕಿ ಅಂತ ನಾ ಭಾಳ ಜಂಬದಿಂದ ಕೊಲ್ಹಾರಕ್ಕ ಬಂದಿದ್ದೆ. ಡ್ಯಾಮಿನ ನೀರಾಗ ಮುಳುಗಿದ ಹಳೇ ಊರಿಗೆ ಎರಡು ದೊಡ್ಡ ಲೈಟಿನ ಕ್ಯಾಮೆರಾ ತಗೊಂಡು ಇಳದೆ. ನೀರಾಗಿನ ಮಣ್ಣಿಗೆ ಬೆಳಕು ಬಡದು ಫೋಟೊದಾಗ ಬರೇ ಮಂಜು ಬಂತು. "ಲೈಟ್ ದೋಣ್ಯಾಗ ಇಡವ್ವ. ಸಣ್ಣ ಕ್ಯಾಮೆರಾ ಹಿಡಕೊಂಡು ಗ್ವಾಡಿ ಹತ್ರ ಹೋಗು," ಅಂದ್ರಿ ದೋಣಿ ನಡಸ್ತಿದ್ದ ನೀವು. ಹಂಗ ಮಾಡಿದ ಮ್ಯಾಲೆ ಗ್ವಾಡಿ, ಕಟ್ಟಿ ಎಲ್ಲಾ ಕಂಡ್ವು.

ದಂಡಿಗೆ ಬಂದು, ಕಾರ್ಡ್ ತುಂಬೇತಿ ಅಂತ ಚಲೋ ಬರದಿದ್ದ ಫೋಟೊ ಅಳಸಾಕ ಕುಂತೆ. "ನಮ್ಮಕ್ಕ ನೋಡೂ ತನಕ ಒಂದೂ ಅಳಸಬ್ಯಾಡ," ಅಂದ್ರಿ. ಆಗ ನನಗ ಸಿಟ್ಟು ಬಂದಿತ್ತು, ಈಗ ಹೇಳ್ತೇನಿ.

ರೇವವ್ವಾರು ಚಲೋ ಫೋಟೊ ಎಲ್ಲಾ ಸುಮ್ನ ನೋಡಿದ್ರು. ನಾ ಅಳಸಬೇಕಂದಿದ್ದ ಮಸುಕು ಫೋಟೊ ಬಂದಾಗ ನನ್ನ ಕೈ ಹಿಡದ್ರು. "ಇದು ನಮ್ಮನಿ ದೀಪದ ಗೂಡು. ಮ್ಯಾಲಿನ ಗಿಣಿ ನಮ್ಮನಿಯವರು ಕೆತ್ತಿದ್ದು. ಅವರು ಹೋದ ಮ್ಯಾಲೆ ಅವರದು ಅಂತ ಉಳದದ್ದು ಇದೊಂದ," ಅಂದ್ರು.

ಆ ಫೋಟೊ ಲ್ಯಾಪ್‌ಟಾಪಿನ್ಯಾಗೊಂದು, ಹಾರ್ಡ್ ಡಿಸ್ಕಿನ್ಯಾಗೊಂದು ಜ್ವಾಪಾನ ಇಟ್ಟೇನಿ. ಮೂರನೇದ್ದು ನಿಮ್ಮ ಕೈಯಾಗ ಐತಿ. ನೀವು ಅವತ್ತು ತಡೀದಿದ್ರ ಒಂದೂ ಉಳೀತಿರಲಿಲ್ಲ. ಈ ಉಪಕಾರ ನಾ ಮರಿಯೂದಿಲ್ಲ.

ಬ್ಯಾಸಗ್ಯಾಗ ನೀರು ಇಳದ ಕೂಡ್ಲೆ ಫೋನ್ ಮಾಡ್ರಿ. ಗ್ವಾಡಿ ನೀರಿನ ಮ್ಯಾಲೆ ಕಂಡ್ರ ರೇವವ್ವಾರನ್ನ ದೋಣ್ಯಾಗ ಕರಕೊಂಡು ಹೋಗೂಣು. ಆ ಗಿಣೀನ ಒಮ್ಮೆ ಕೈಲೆ ಮುಟ್ಟಬೇಕಂತ ನನ್ನ ಕಿವ್ಯಾಗ ಹೇಳ್ಯಾರ. ನಿಮಗ ಹೇಳಾಕ ಸಂಕೋಚ ಅಂತ.

ನಿಮ್ಮ ಮಗಳಂಥಾಕಿ,
ಪ್ರಿಯದರ್ಶಿನಿ