ಬಣ್ಣ ಹೋದ ದಂಡು

ಅಫಜಲಪುರ
ತಾ. 5-10-1985

ಇಜೇರಿಯೊಳಗ ಡೇರೆ ಹೊಡದು ಕುಂತಿರೋ ಮಾಸ್ತರ್ರಿಗೆ, ಮನಿಯಾಕಿ ಗುರುಬಾಯಿಯ ಶರಣಾರ್ಥಿ.

ನೀವು ಕ್ಷೇಮ ಇರಬೇಕು. ಇರಲಾರದೇನು, ಖಾನಾವಳಿ ರೊಟ್ಟಿ ತಿಂದು ಗಲ್ಲ ತುಂಬ್ಯಾವ ಅಂತ ಜೇವರಗಿ ಬಸ್ಸಿನ ಕಂಡಕ್ಟರ್ ಹೇಳಿದ. ಕೆಮ್ಮು ಹ್ಯಾಂಗದ? ಬಣ್ಣದ ಕುಂಚ ಬಾಯಾಗ ಇಟ್ಕೊಂಡು ಚೂಪು ಮಾಡೋ ಚಟ ಬಿಟ್ಟೀರೋ ಇಲ್ಲೋ? ಕೇಳಬಾರದು ಅನ್ಕೊಂಡಿದ್ದೆ, ಕೇಳಿಬಿಟ್ಟೆ. ಇಲ್ಲಿ ಅತ್ತಿ ಆರಾಮ ಅದಾರ. ಕಿವಿ ಮಾತ್ರ ಮೊದಲಿನಕಿಂತ ಮಂದ ಆಗ್ಯಾವ. ನಿಮಗ ಸರಕಾರ ವರ್ಗಾ ಮಾಡ್ಯದ, ರಜಾ ಕೊಡವಲ್ದು ಅಂತ ಅವರ ಕಿವ್ಯಾಗ ಒದರಿ ಒದರಿ ನನ್ನ ಗಂಟಲ ಹರದದ. ಮಗ ತಾನಽ ಅರ್ಜಿ ಕೊಟ್ಟು, ಮನಿ ಬಿಟ್ಟು ಹೋಗ್ಯಾನ ಅಂತ ಹೇಳೋದು ನನ್ನಿಂದ ಆಗಲಿಲ್ಲ. ವರ್ಷ ತುಂಬಾಕ ಬಂತು, ಅದೇ ಸುಳ್ಳು ಹೇಳಾಕತ್ತೇನಿ.

ನಿಮ್ಮ ಕಾರ್ಡು ಬಂತು. ಅದೂ ಕಾರ್ಡು! ಪೋಸ್ಟಮನ್ ಓದಿ, ಅವನ ಹೆಂಡತಿ ಓದಿ, ಆಮ್ಯಾಲ ನನ್ನ ಕೈಗೆ ಬಂತು. ‘ತಪ್ಪಾತು ಅಂತ ನಿನ್ನ ಕೈಲೆ ಬರದು ಕಳಸು, ಈ ಮಹಾನವಮಿಗೆ ಬರ್ತೇನಿ. ಇಲ್ಲಂದ್ರ ಇಲ್ಲ’ ಅಂತ ಬರದೀರಿ. ಬರಿಯಂಗಿಲ್ಲ. ಚಷ್ಮಾ ಇಲ್ಲದೇನೂ ಓದಾಕ ಬರಲಿ ಅಂತ ದಪ್ಪ ಅಕ್ಷರದಾಗ ಮತ್ತ ಬರಿಯಾಕತ್ತೇನಿ, ನೋಡ್ರಿ: ಬರಿಯಂಗಿಲ್ಲ. ಗಂಡಸರು ಹೆಂಡತಿ ಬಿಟ್ಟು ಹೋಗಾಕ ಎಂಥೆಂಥಾ ಕಾರಣ ಇರ್ತಾವ. ನನ್ನ ಗಂಡ ಸೀಸದ ಗೊಂಬಿ ಸಲುವಾಗಿ ಹೋದ್ರು ಅಂತ ಯಾರ ಮುಂದ ಹೇಳ್ಲಿ? ಗೊಬ್ಬೂರದಾಗ ನನ್ನ ತವರಿನವರು ಕೇಳಿದ್ರ ಅಳೂದಿಲ್ಲ, ಹೊಟ್ಟಿ ಹಿಡಕೊಂಡು ನಗ್ತಾರ.

ಆ ದಂಡಿಗೆ ನಾ ಏನು ಮಾಡಿಲ್ಲ ಹೇಳ್ರಿ. ನೀವೂ ಆಳಂದದ ರೇಡಿಯೋ ರಿಪೇರಿ ಶರಫುದ್ದೀನ ಭಾಯಿನೂ ಕೂಡಿ ಹಳೇ ಬ್ಯಾಟರಿ ಒಡದು ಸೀಸ ಕರಗಿಸಿದ್ದು ನನ್ನ ಒಲಿ ಮ್ಯಾಲ, ನನ್ನ ಒಗ್ಗರಣಿ ಸೌಟಿನಾಗ. ಆ ಸೌಟು ತಿಪ್ಪಿಗೆ ಹೋತು. ಬೆರಳಿನಷ್ಟು ಸಿಪಾಯಿ, ಕುದುರಿ, ಆನಿ ಎರಕ ಹೊಯ್ದು ಅವರು ಬಹಮನಿ ಸುಲ್ತಾನರ ದಂಡು ಕಟ್ಟಿದ್ರು, ನೀವು ವಿಜಯನಗರದ್ದು. ಐತವಾರ ಬಂತಂದ್ರ ದೊಡ್ಡ ಮಂಚದ ಹಾಸಿಗಿ ತೆಗದು ಅದರ ಮ್ಯಾಲ ಯುದ್ಧ. ಕುದುರಿ ಒಂದು ಗೇಣು ಓಡಬೇಕು, ಕಾಲಾಳು ನಾಕು ಬೆರಳು ನಡೀಬೇಕು, ಇಬ್ಬರೂ ಎದುರಾದ್ರ ಕವಡಿ ಒಗದು ಯಾರು ಸತ್ರು ಅಂತ ತೀರ್ಮಾನ. ನಡುವ ಹೊಳಿ ಬೇಕಾತು ಅಂತ ನನ್ನ ನೀಲಿ ಸೀರಿ ಸೆರಗು ಕತ್ತರಿಸಿದ್ರಿ. ಕೇಳಿದ್ರ, ಇದು ಸೆರಗಲ್ಲ, ಕೃಷ್ಣಾ ನದಿ ಅಂದ್ರಿ! ಅದನ್ನೂ ಸೈರಿಸ್ಕೊಂಡೆ. ಬಣ್ಣ ಹಚ್ಚೋವಾಗ ನಿಮ್ಮ ಕೈ ನಡಗ್ತದ ಅಂತ ಒಬ್ಬೊಬ್ಬ ಸಿಪಾಯಿಗೂ ಕಣ್ಣು ಇಟ್ಟಾಕಿ ನಾನು, ಬಾರಿಗಿ ಕಡ್ಡಿ ತುದೀಲೆ, ಉಸುರು ಬಿಗಿ ಹಿಡದು. ಎಷ್ಟು ಸಲ ಒಲಿ ಮ್ಯಾಲಿನ ಪಲ್ಯ ಹೊತ್ತಿ ಹೋತು.

ಅಂಥಾಕಿ ಆ ಬಣ್ಣ ತಾನಽ ತಿಕ್ಕಿ ತೊಳೀತಾಳ? ಹೋದ ಮಹಾನವಮಿ ದಿನ ನೀವು ಬಸ್ ಸ್ಟ್ಯಾಂಡಿಗೆ ಹೋಗಿ ಶರಫುದ್ದೀನ ಭಾಯಿನ್ನ ಹಬ್ಬದ ಊಟಕ್ಕ ಕರಕೊಂಡು ಬಂದ್ರಿ. ದೇವರ ಜಗಲಿ ಮ್ಯಾಲ ಕುಡಗೋಲು, ಕೊಡಲಿ, ಈಳಿಗಿ ಎಲ್ಲಾ ಪೂಜಾಕ್ಕ ಇಟ್ಟಿದ್ದು. ಅವುಗಳ ಮುಂದ ನಿಮ್ಮ ವಿಜಯನಗರದ ದಂಡು, ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿಸ್ಕೊಂಡು, ಬಣ್ಣದ ಹನಿ ಇಲ್ಲದಂಗ ಬೆಳ್ಳಗ, ಹಣಿ ತುಂಬ ವಿಭೂತಿ ಬಡಕೊಂಡು ಸಾಲಾಗಿ ನಿಂತಿತ್ತು. ಗೋಂದು ಕಲಿಸಿದ ಸಾಲಿ ಬಣ್ಣ, ನೀರು ತಾಗಿದ್ರ ಉಳೀತದ? ನನ್ನ ಕೈಗೆ ಹುಣಸಿ ಹತ್ತಿತ್ತು, ಹೌದು. ತಾಮ್ರದ ಕೊಡ ತಿಕ್ಕಾಕತ್ತಿದ್ದೆ. ಅಷ್ಟು ನೋಡಿದ್ದೇ ಸಾಕಾತು ನಿಮಗ. ಯಾರು ಮಾಡಿದ್ರು ಅಂತ ಕೇಳಲಿಲ್ಲ. ‘ಯಾಕ ಮಾಡ್ದಿ ಬೇ, ತಲ್ಯಾಗೇನು ಸಗಣಿ ತುಂಬ್ಯದ?’ ಅಂದ್ರಿ, ಬಂದ ಅತಿಥಿ ಮುಂದ. ಅವರು ಪಾಪ, ಬಹಮನಿ ದಂಡಿನ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ನೆಲ ನೋಡ್ಕೋತ ಕುಂತ್ರು. ನಾ ಬಾಯಿ ಬಿಡಲಿಲ್ಲ. ಬಿಡಲಿಲ್ಲ ಅಂದ್ರ ಒಪ್ಕೊಂಡಾಳ ಅಂತ ತಿಳದ್ರಿ. ಎಂಥಾ ದಳವಾಯಿ ನೀವು! ಎದುರಿಗೆ ನಿಂತವರು ಯಾರು ಅಂತ ನೋಡದೇನಽ ಬಾಣ ಬಿಡೋರು. ಹೋಳಗಿ ಎಲ್ಲಾ ಹಂಗಽ ಉಳದು ಮರದಿನ ಎಮ್ಮಿಗೆ ಹಾಕಿದೆ.

ಈಗ ಸುದ್ದಿ. ಹೋದ ಐತವಾರ ಶರಫುದ್ದೀನ ಭಾಯಿ ಆಳಂದದಿಂದ ಡಬ್ಬಿ ತಗೊಂಡು ಬಂದಿದ್ರು, ಸಂಗಾಟ ಹೆಂಡತಿ ಹಮೀದಾಬೇಗಂ ಭಾಬಿನ್ನೂ ಕರಕೊಂಡು. ಆಡೋರಿಲ್ಲದ ಸುಲ್ತಾನನ ಸಿಪಾಯಿಗಳಿಗೆ ಧೂಳ ಹಿಡದದ ಅಂತ ಹಲಬಿದ್ರು. ನಾ ಎದ್ದು ಮಂಚದ ಹಾಸಿಗಿ ತೆಗದೆ. ಹೌದ್ರಿ, ನಾನಽ ಆಡಿದೆ! ನಿಮ್ಮ ದಂಡಿಗೆ ಪೂರಾ ಹೊಸಾ ಬಣ್ಣ ಹಚ್ಚೇನಿ, ಬಾಗಿಲಿಗೆ ಬಳದು ಉಳದಿದ್ದ ಆಯಿಲ್ ಪೇಂಟು. ಹುಣಸಿ ಅಲ್ಲ, ಅದರಪ್ಪ ಬಂದ್ರೂ ಹೋಗಂಗಿಲ್ಲ. ಹಸರು ಕೆಂಪು ಎರಡಽ ಇದ್ದವು, ಅದಕ್ಕ ಕುದುರಿ ಹಸರಾಗ್ಯಾವ. ನಗಬ್ಯಾಡ್ರಿ. ಆ ಹಸರು ಕುದುರಿ ಕಟಗೊಂಡು ಹೊಳಿ ದಾಟಿ ಸುಲ್ತಾನನ ಆನಿ ಹಿಡದೆ. ಭಾಬಿ ಚಪ್ಪಾಳಿ ಹೊಡದ್ರು. ನೀವು ಯಾವತ್ತೂ ಹೊಳಿ ದಾಟಿದವರಲ್ಲ. ಎದುರಿನವರಽ ಬರಲಿ ಅಂತ ಹೊಳಿ ದಂಡೀಗೆ ನಿಂತು ಕಾಯ್ತಿದ್ರಿ, ಈಗೂ ಅದನ್ನೇ ಮಾಡಾಕತ್ತೀರಿ. ಆನಿ ಮ್ಯಾಲಿನ ನಿಮ್ಮ ದಳವಾಯಿಗೆ ಮಾತ್ರ ನಾ ಬಣ್ಣ ಹಚ್ಚಿಲ್ಲ, ಕಣ್ಣೂ ಇಟ್ಟಿಲ್ಲ. ಬಿಳೇ ಮಾರಿ ಹೊತಗೊಂಡು ಮೂಲ್ಯಾಗ ನಿಂತಾನ. ಅವನ ಮ್ಯಾಲಿನ ಸಿಟ್ಟು ನನಗ ಇನ್ನೂ ಇಳದಿಲ್ಲ.

ಕೆಮ್ಮಿಗೆ ಜ್ಯೇಷ್ಠಮಧು ಕಟ್ಟಿ ಈ ಪತ್ರದ ಸಂಗಾಟ ಕಂಡಕ್ಟರ್ ಕೈಯಾಗ ಕೊಡಾಕತ್ತೇನಿ. ತಿಂದ್ರ ತಿನ್ರಿ, ಇಲ್ಲಂದ್ರ ಒಗೀರಿ. ನಿಮಗ ಖೋಲಿ ಕೊಟ್ಟ ಸಾಬವ್ವಗ ನನ್ನ ಶರಣು ಹೇಳ್ರಿ, ನಿಮ್ಮಂಥವರನ್ನ ಇಷ್ಟು ದಿನ ಸೈರಿಸ್ಕೊಂಡಿದ್ದಕ್ಕ.

ಇಂತಿ, ತಪ್ಪು ಮಾಡದ, ಒಪ್ಪದ,
ಗುರುಬಾಯಿ

ತಾ.ಕ.: ಬಸ್ಸು ಹೊಂಟದ, ಹಾರ್ನ್ ಹೊಡ್ಯಾಕತ್ತಾನ. ಅತ್ತಿ ಹಬ್ಬಕ್ಕ ಹುಣಸಿಹಣ್ಣು ಈಗಽ ತೆಗದು ಇಟ್ಟಾರ. ‘ಹೋದ ವರ್ಷ ಮಗನ ದಂಡು ನಾನಽ ತೊಳದೆ. ಕತ್ತಿ ಹಿಡದವರನ್ನ ಧೂಳ ಮೈಯಾಗ ಪೂಜಾಕ್ಕ ನಿಲ್ಲಸಬಾರದಲ್ಲ. ಆ ಹೊಳಪು ನೋಡಿ ನಮ್ಮ ಶಾಂತಲಿಂಗಗ ಮಾತಽ ಹೊರಡಲಿಲ್ಲ’ ಅಂತ ಓಣಿ ತುಂಬ ಹೇಳ್ಕೋತ ನಗ್ತಾರ. ನಿಮ್ಮ ಒದರಾಟ ಅವರ ಕಿವಿಗೆ ಬಿದ್ದಿಲ್ಲ. ಈ ಸಲ ಇನ್ನೂ ಚಂದ ತೊಳೀತೇನಿ, ಮಗ ಬಾಜೂಕ ಇರಲಿ ಅನ್ನಾಕತ್ತಾರ. ನಾ ಆಯಿಲ್ ಪೇಂಟ್ ಹಚ್ಚಿದ್ದು ಅದಕ್ಕಽ. ಬರ್ರಿ. ಅವರ ಬಾಜೂಕ ಕುಂತು ನೀರು ಹಾಕ್ರಿ, ಚಂದ ಆಗ್ಯಾವ ಯವ್ವಾ ಅಂತ ಕಿವ್ಯಾಗ ಜೋರಾಗಿ ಒದರ್ರಿ. ಅದು ಬಿಟ್ಟು ಬ್ಯಾರೆ ಒಂದು ಮಾತು ಅವರಿಗೆ ಅಂದ್ರಿ, ಆ ದಳವಾಯಿನ್ನ ಹೊಸಾ ಸೌಟಿನಾಗ ಹಾಕಿ ನಾನಽ ಕರಗಸ್ತೇನಿ.